ಮೊದಲ ಗುಟುಕು

ನ್ಯಾಮತಿಯ ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರ ಮನೆಯಲ್ಲಿ ಯಾರಾದರೂ ಸೀನಿದರೆ ಮೊದಲ ಕೂಗು ತಿಪ್ಪೇಶಪ್ಪನಿಗೆ. ದೇವರ ಸರದಿ ಆಮೇಲೆ. ಜಗಳೂರು ಕಡೆಯ ಸೊಕ್ಕೆಯಿಂದ ಬಂದು ಆ ಮನೆಯ ಪಾರುಪತ್ಯ ಹಿಡಿದು ನಲವತ್ತೆರಡು ವರ್ಷ. ಕೀಲಿಗಳು ಹತ್ತಾರಿದ್ದರೂ ಅವನು ಉಡುದಾರಕ್ಕೆ ಕಟ್ಟಿಕೊಂಡದ್ದು ಔಷಧಿ ಬೀರುವಿನದೊಂದನ್ನೇ. ಯಾರಿಗೆ ಯಾವ ಸೂಜಿ ಒಗ್ಗದು, ಯಾರನ್ನು ಹೊನ್ನಾಳಿಗೆ ಕರೆದೊಯ್ದರೆ ಸಾಕು, ಯಾರನ್ನು ಶಿವಮೊಗ್ಗದ ಬಸ್ಸಿಗೇ ಹತ್ತಿಸಬೇಕು, ಎಲ್ಲ ಅವನ ತಲೆಯಲ್ಲಿತ್ತು.

ನೆನೆದರೆ ಅವನಿಗೆ ಈಗಲೂ ನಗು. ಮನೆಯ ಮಗಳು ಹೇಮಾವತಿ ನೆಲಬೇವಿನ ಕಷಾಯ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದಳು. "ಮೊದ್ಲು ನಾನು ಕುಡೀತೀನಿ, ಆಮ್ಯಾಲೆ ನೀನು" ಎಂದು ಇವನೇ ಒಂದು ಲೋಟ ಕುಡಿದು, ಮುಖ ಕಿವುಚದೆ, ಪಾಯಸ ಕುಡಿದವನಂತೆ ತುಟಿ ಚಪ್ಪರಿಸುತ್ತಿದ್ದ. ಬಾಗಿಲಲ್ಲಿ ನಿಂತ ಯಜಮಾನಿ ಶಿವಗಂಗಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹೀಗೆ ಆ ಮನೆಯ ಜ್ವರಗಳ ಕಹಿಯಲ್ಲೆಲ್ಲ ಇವನಿಗೊಂದು ಪಾಲು. ಎಂಥ ಚೆಂದದ ದಿನಗಳವು!

ಈಗ ಷಣ್ಮುಖಪ್ಪನವರಿಲ್ಲ. ಎಂಬತ್ತರ ಶಿವಗಂಗಮ್ಮನಿಗೆ ಬೆಳಿಗ್ಗೆ ಎರಡು ಮಾತ್ರೆ. ಇಂಗ್ಲಿಷ್ ಬಾರದ ತಿಪ್ಪೇಶಪ್ಪ ಬಣ್ಣ ನೋಡಿ ಕೊಡುತ್ತಿದ್ದ: ಹಸಿರು ಶೀಟು ಶುಗರಿಗೆ, ನೀಲಿ ಬಿಪಿಗೆ. ಸೊಸೆ ರಮ್ಯಶ್ರೀ, "ಕನ್ನಡದಾಗೆ ಬರೆದು ಅಂಟಿಸ್ತೀನ್ರಿ" ಎಂದಾಗೆಲ್ಲ, "ನಲವತ್ತು ವರ್ಷದಾಗೆ ತಪ್ಪಿಲ್ಲ, ಬಿಡವ್ವ" ಎನ್ನುತ್ತಿದ್ದ. ಡಾಕ್ಟರು ಅವನಿಗೂ ಬಿಪಿ ಮಾತ್ರೆ ಬರೆದಿದ್ದರು. ಅದನ್ನು ಮುಟ್ಟುತ್ತಲೇ ಇರಲಿಲ್ಲ, "ನಂಗೇನಾಗೈತೆ?" ಎಂಬ ಜಂಬ ಬೇರೆ.

ಕಳೆದ ವಾರ ಮೆಡಿಕಲ್ ಶಾಪಿನವರು ಶುಗರ್ ಮಾತ್ರೆ ಬೇರೆ ಕಂಪನಿಯದು ಕೊಟ್ಟರು. ಅದರ ಶೀಟು ನೀಲಿ. ಹಳೇ ಹಸಿರು ಶೀಟಿನಲ್ಲೂ ಇನ್ನೂ ನಾಲ್ಕು ಉಳಿದಿದ್ದವು. ತಿಪ್ಪೇಶಪ್ಪ ಹಸಿರಿನದೊಂದು, ಬಿಪಿಯದೆಂದುಕೊಂಡು ಮೇಲಿದ್ದ ನೀಲಿಯದೊಂದು ತೆಗೆದು ಕೊಟ್ಟ. ಎರಡೂ ಶುಗರಿನವೇ. ಹನ್ನೊಂದರ ಹೊತ್ತಿಗೆ ಶಿವಗಂಗಮ್ಮ ಬೆವೆತು ಗೋಡೆಗೆ ಒರಗಿದರು. ಓಡಿ ಬಂದು ಸಕ್ಕರೆ ನೀರು ಕುಡಿಸಿದವನು ಅವನು. ಹೊನ್ನಾಳಿಯ ಡಾಕ್ಟರ ಮುಂದೆ ಎರಡೂ ಶೀಟು ಇಟ್ಟು ತಪ್ಪು ಒಪ್ಪಿಕೊಂಡವನೂ ಅವನೇ.

ಶಿವಗಂಗಮ್ಮ ಚೇತರಿಸಿಕೊಂಡು ಮನೆಗೆ ಬಂದ ಸಂಜೆ, ತಿಪ್ಪೇಶಪ್ಪ ಉಡುದಾರದ ಕೀಲಿ ಬಿಚ್ಚಿ ರಮ್ಯಶ್ರೀಯ ಮುಂದಿಟ್ಟ.

"ನನ್ ಕೈ ಇನ್ನು ಬ್ಯಾಡವ್ವ. ಅಮ್ಮಾರನ್ನ ಕೊಂದೇ ಬಿಡ್ತಿದ್ದೆ."

ಅವಳು ಬೇಡವೆನ್ನಲಿಲ್ಲ, ತೆಗೆದುಕೊಂಡಳು. ಅದೇ ಸರಿಯೆಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ಕೈ ಮತ್ತೆ ಮತ್ತೆ ಬರಿದಾದ ಸೊಂಟ ತಡವಿತು, ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಮಾಡಲು ಕೆಲಸವಿಲ್ಲದೆ ಜಗಲಿಯ ಮೇಲೆ ಕೂತಿದ್ದ. ರಮ್ಯಶ್ರೀ ಒಂದು ಲೋಟ ನೀರು, ಒಂದು ಮಾತ್ರೆ ಹಿಡಿದು ಬಂದಳು. ಅವನು ಮುಟ್ಟದೆ ಬಿಟ್ಟಿದ್ದ ಅವನದೇ ಬಿಪಿ ಮಾತ್ರೆ.

"ಅತ್ತೆ ಬೆಳಿಗ್ಗೆಯಿಂದ ಮಾತ್ರೆ ತಗೊಂಡಿಲ್ರಿ. 'ಮೊದ್ಲು ತಿಪ್ಪೇಶಿ ನುಂಗ್ಲಿ, ಆಮ್ಯಾಲೆ ನಾನು' ಅಂತ ಹಟ ಹಿಡಿದು ಕುಂತಾರೆ."

ತಿಪ್ಪೇಶಪ್ಪ ಒಳಗೆ ಇಣುಕಿದ. ಶಿವಗಂಗಮ್ಮ ಮಂಚದ ಮೇಲೆ ಕೂತು, ಸೆರಗು ಬಾಯಿಗಿಟ್ಟು ಇವನನ್ನೇ ನೋಡುತ್ತಿದ್ದರು. ಅವನು ಮಾತ್ರೆ ನುಂಗಿ, ಅವರಿಗೆ ಕಾಣುವಂತೆ ತುಟಿ ಚಪ್ಪರಿಸಿದ.