ಅತಲ್ಲಾನ ಸರದಿ

ಇರ್ಬಿದ್ ಊರಿನ ವಿಶ್ವವಿದ್ಯಾಲಯದ ಬೀದಿಯಲ್ಲಿ ಒಂದು ಕಾಲಕ್ಕೆ ಕಂಪ್ಯೂಟರ್ ಅಂಗಡಿ ಇಟ್ಟು ಮೆರೆದ ರಸ್ಲಾನನಿಗೆ ಈಗ ಉಳಿದಿರುವುದು ಒಬ್ಬ ಹೆಂಡತಿ, ಒಬ್ಬ ಮಗಳು, ಒಂದು ಹಳೇ ಕಂಪ್ಯೂಟರು ಮತ್ತು ಅದರೊಳಗೊಂದು ಆಟ. ಪ್ರೀತಿಯ ಲೆಕ್ಕದಲ್ಲಿ ಹೇಳುವುದಾದರೆ ಈ ಸಾಲು ತಲೆಕೆಳಗಾಗುತ್ತದೆ ಎಂದು ಹೆಂಡತಿ ಇನ್ಸಾಫ್ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹುಡುಗರ ಕೈಗೆ ಫೋನು ಬಂತು, ಅಂಗಡಿಗೆ ಬಾಗಿಲು ಬಿತ್ತು. ಮಿಕ್ಕ ಕಂಪ್ಯೂಟರುಗಳನ್ನು ಮಾರಿ ಒಂದನ್ನು ಮಾತ್ರ ಅವನು ಕೂಸಿನ ಹಾಗೆ ಎತ್ತಿಕೊಂಡು ಬಂದು ಮನೆಯ ನಡುಮನೆಯಲ್ಲಿ, ಅತಿಥಿಗಳು ಕೂರುವ ಜಾಗದಲ್ಲೇ ಪ್ರತಿಷ್ಠಾಪಿಸಿದ.

ಆಟದ ಹೆಸರು 'ದರ್ಬ್'. ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ಕಳಿಸುವುದು, ಗ್ರಹಗಳಲ್ಲಿ ಊರು ಕಟ್ಟುವುದು, ಪಕ್ಕದವನ ಗ್ರಹ ಚೆನ್ನಾಗಿದ್ದರೆ ಹೊಟ್ಟೆ ಉರಿದುಕೊಂಡು ದಂಡು ಒಯ್ಯುವುದು. ಎಲ್ಲವೂ ಸರದಿಯ ಪ್ರಕಾರ. ನನ್ನದು ಮುಗಿಯಿತು ಎಂದು ನೀವು ಗುಂಡಿ ಒತ್ತುವವರೆಗೆ ಸೂರ್ಯ ಚಂದ್ರರೂ ಕದಲುವುದಿಲ್ಲ.

"ಮಿಕ್ಕ ಆಟಗಳು ಬಾಲಕ್ಕೆ ಬೆಂಕಿ ಹಚ್ಚಿದ ಹಾಗೆ ಓಡಿಸ್ತವೆ. ಇದು ಕಾಯತ್ತೆ" ಎನ್ನುತ್ತಿದ್ದ ರಸ್ಲಾನ್. "ನಮಾಜಿಗೆ ಹೋಗಿ ಬಾ, ಕ್ಷೌರ ಮಾಡಿಸ್ಕೊಂಡು ಬಾ, ಇದು ಒಂದು ಮಾತಾಡಲ್ಲ. ಈ ಮನೇಲಿ ನನ್ನನ್ನ ಗದರದೆ ಕಾಯೋದು ಇದೊಂದೇ."

"ಕಾಯ್ತಾ ಇರೋದು ಅದಲ್ಲ, ನಾನು" ಎನ್ನುತ್ತಿದ್ದಳು ಇನ್ಸಾಫ್. "ಗ್ಯಾಸಿನ ಗಾಡಿ ಹಾಡು ಹಾಕ್ಕೊಂಡು ಬಂತು, ಹೋಯ್ತು. 'ಇದೊಂದು ಸರದಿ' ಅಂದೆ. ನಿನ್ನ ಗ್ರಹದೋರು ಹೊಟ್ಟೆ ತುಂಬ ಉಂಡ್ರು, ನಾವು ತಣ್ಣಗಿನ ರೊಟ್ಟಿ ಕಡಿದ್ವಿ."

ಆಟದ ಕುಂದುಗಳನ್ನೂ ಅವನು ಮುಚ್ಚಿಡುವವನಲ್ಲ. ಮಗನ ಪುಂಡಾಟವನ್ನು ಬೈಯುತ್ತಲೇ ಹಿಗ್ಗುವ ಅಪ್ಪನ ಧಾಟಿಯಲ್ಲಿ ಹೇಳುತ್ತಿದ್ದ. ಶುರುವಿನಲ್ಲಿ ಸ್ವರ್ಗ, ಒಂದು ಗ್ರಹ, ಒಂದು ಹಡಗು, ಕಣ್ಣ ಮುಂದೆ ಇಡೀ ಆಕಾಶ. ಕೊನೆಕೊನೆಗೆ ಮಾತ್ರ ತಲೆಚಿಟ್ಟು. ಗೆದ್ದಾಗಿದೆ ಎಂದು ಎಲ್ಲರಿಗೂ ಗೊತ್ತು, ಆದರೂ ರಾಶಿ ಹಡಗುಗಳನ್ನು ಒಂದೊಂದಾಗಿ ನೂಕುತ್ತ ಕೂರಬೇಕು, ಕೊಟ್ಟಿಗೆಯ ಕುರಿಗಳನ್ನು ಒಂದೊಂದಾಗಿ ಹೊತ್ತು ಹೊರಗೆ ಹಾಕಿದಂತೆ. ಕಂಪ್ಯೂಟರೇ ಆಡುವ ರಾಜರು ಶತದಡ್ಡರು. ಬೆಳಿಗ್ಗೆ ಉಡುಗೊರೆ, ಸಂಜೆ ಯುದ್ಧ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ರಾಯಭಾರ. ಎದುರಿನವನಿಗೆ ಹೇಳಲು ನಾಲ್ಕೇ ಮಾತು: ವ್ಯಾಪಾರ, ಮೈತ್ರಿ, ಬೆದರಿಕೆ, ಯುದ್ಧ. ತಪ್ಪಾಯಿತು ಅನ್ನಲು ಗುಂಡಿಯೇ ಇಲ್ಲ.

ಈ ಕೊರತೆ ಅವನ ಎದೆಗೆ ನಾಟಿದ್ದು ಅತಲ್ಲಾನಿಂದ. ಟೈರು ಅಂಗಡಿಯ ಅತಲ್ಲಾ ಅವನ ಗೆಳೆಯ. ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತು ಸರದಿಯಂತೆ ಆಡುತ್ತಿದ್ದರು. ರಸ್ಲಾನನ ಮಗಳು ರುಲಾ, ಆಗಿನ್ನೂ ಹದಿಮೂರರ ಹುಡುಗಿ, ಕಹಿ ಕಾಫಿ ಸುರಿಯುತ್ತಿದ್ದಳು. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರಬೇಕು, ಅದು ಮರ್ಯಾದೆ. ಪರದೆಯಲ್ಲಿ ಮುಳುಗಿದ ಅತಲ್ಲಾ ಅಲ್ಲಾಡಿಸುವುದನ್ನೇ ಮರೆಯುತ್ತಿದ್ದ. ರುಲಾ ಕಿಸಿಕಿಸಿ ನಗುತ್ತ ಸುರಿಯುತ್ತಿದ್ದಳು, ಅವನು ಕುಡಿಯುತ್ತಿದ್ದ, ರಾತ್ರಿಯಿಡೀ ನಿದ್ದೆಯಿಲ್ಲದೆ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ಒಂದು ದಿನ ಬಟ್ಟಲಿಗೆ ಕೈ ಚಾಚಿದ ಅತಲ್ಲಾನ ಮೊಣಕೈ ಗುಂಡಿಗೆ ತಾಗಿತು. ಸರದಿ ಮುಗಿದುಹೋಯಿತು. ಅವನ ರಾಜಧಾನಿ ಗ್ರಹಕ್ಕೆ ಇನ್ನೂ ಕಾವಲು ಹಾಕಿರಲಿಲ್ಲ.

"ಹಿಂದಕ್ಕೆ ತಗೋ ಮಾರಾಯ, ಮೊಣಕೈ ತಾಗಿದ್ದು."

ಹಿಂದಕ್ಕೆ ತೆಗೆದುಕೊಳ್ಳುವುದು ಆ ಆಟದಲ್ಲಿ ಚಿಟಿಕೆ ಹೊಡೆದಷ್ಟು ಸುಲಭ. ರಸ್ಲಾನ್ ಗಂಭೀರವಾಗಿ ಮೀಸೆ ತೀಡಿದ. "ಒತ್ತಿದ್ದು ಒತ್ತಿದ್ದೇ."

"ನಿನ್ನ ಆಟಕ್ಕಿಷ್ಟು ಬೆಂಕಿ ಹಾಕ" ಎಂದು ಅತಲ್ಲಾ ಎದ್ದು ಹೋದ.

ರಸ್ಲಾನ್ ತನ್ನ ಸರದಿಯಲ್ಲಿ ದಂಡನ್ನು ರಾಜಧಾನಿಯ ಬಾಗಿಲವರೆಗೂ ಒಯ್ದ. ಮುಂದಕ್ಕೆ ಕೈಯೇ ಓಡಲಿಲ್ಲ. ಅಲ್ಲೇ ನಿಲ್ಲಿಸಿ, ಸರದಿ ಮುಗಿಸಿ ಕೂತ. ನಾಳೆ ಬಂದು ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡ. ಅತಲ್ಲಾ ಬರಲಿಲ್ಲ. ಹೋಗಿ ಹೇಳಲು ಇವನ ಮೀಸೆ ಅಡ್ಡ ಬಂತು. ಆರೇಳು ವರ್ಷ ಕಳೆಯಿತು. ಇಬ್ಬರದೂ ಎಣ್ಣೆ ಸೀಗೇಕಾಯಿ ಸಂಬಂಧವೆಂದು ಬೀದಿಗೆಲ್ಲ ಗೊತ್ತಾಯಿತು.

ಹೀಗಿರುವಾಗ ರುಲಾ ಮದುವೆಯಾಗುವುದಾದರೆ ಮಹ್ರಾನನ್ನೇ ಎಂದಳು. ಮಹ್ರಾನ್ ಅತಲ್ಲಾನ ತಮ್ಮನ ಮಗ. ಅಪ್ಪನಿಲ್ಲದ ಹುಡುಗ, ಹೆಣ್ಣು ಕೇಳಲು ಹಿರಿಯರ ಮುಂದಾಳಾಗಿ ಬರಬೇಕಾದವನು ಅತಲ್ಲಾನೇ.

"ಬರಲಿ, ನೋಡೋಣ" ಎಂದ ರಸ್ಲಾನ್.

"ಅಪ್ಪ, ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ."

ರುಲಾ ಎರಡು ದಿನ ಅಪ್ಪನ ತಟ್ಟೆಗೆ ಉಪ್ಪಿಲ್ಲದ ಬೇಳೆ ಬಡಿಸಿದಳು. ಅವನು ಬಾಯಿ ಮುಚ್ಚಿಕೊಂಡು ತಿಂದ.

ಶುಕ್ರವಾರ ಮಧ್ಯಾಹ್ನ ಅತಲ್ಲಾನ ಜೊತೆ ಹಿರಿಯರು ಬಂದರು. ಅವರಲ್ಲಿ ಹಾಜಿ ದೈಫಲ್ಲಾ ಇದ್ದ. ಸಂಪ್ರದಾಯದಲ್ಲಿ ಕೂದಲೆಳೆ ತಪ್ಪಿದರೂ ಊಟ ಬಿಡುವ ಆಸಾಮಿ, ಊಟವಾದ ಮೇಲೆ. ಕಂಪ್ಯೂಟರಿಗೆ ಬಟ್ಟೆ ಮುಚ್ಚು ಎಂದು ಇನ್ಸಾಫ್ ಬೇಡಿಕೊಂಡಿದ್ದಳು. ರಸ್ಲಾನ್ ಮುಚ್ಚಲಿಲ್ಲ. ಅವತ್ತು ಅರ್ಧಕ್ಕೆ ನಿಂತ ಆಟವನ್ನೇ ತೆರೆದಿಟ್ಟು, ಅದರ ಎದುರಿಗೇ ಅತಲ್ಲಾನ ಕುರ್ಚಿ ಹಾಕಿದ್ದ. ಬಾಯಿ ಬಿಟ್ಟು ಹೇಳಲಾರದ್ದನ್ನು ಪರದೆ ಹೇಳಲಿ ಎಂಬ ಆಸೆ.

ಗಂಡುಮಕ್ಕಳಿಲ್ಲದ ಮನೆ. ರುಲಾಳೇ ಕಾಫಿ ಹೂಜಿ ಹಿಡಿದು ಬಂದಳು. ಹಾಜಿ ಮೂಗು ಮುರಿದ. ಹೆಣ್ಣು ಕೇಳಲು ಬಂದವನು ಮೊದಲ ಬಟ್ಟಲನ್ನು ಮುಟ್ಟದೆ ಮುಂದಿಡಬೇಕು. ಬಂದ ಕೆಲಸ ಹೇಳಬೇಕು. ಮನೆಯವನು 'ಕಾಫಿ ಕುಡಿ' ಎಂದರೆ ಹೆಣ್ಣು ಕೊಟ್ಟಂತೆ. ಕೇಳುವ ಮೊದಲೇ ಕುಡಿದುಬಿಟ್ಟರೆ ಬಂದದ್ದು ಬರೀ ಕಾಫಿಗೆ ಎಂದರ್ಥ, ಎದ್ದು ಹೋಗಬೇಕು. ಇದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

ಅತಲ್ಲಾ ಬಟ್ಟಲು ಹಿಡಿದು ತಲೆಯೆತ್ತಿದ. ಪರದೆ ಕಂಡಿತು. ತನ್ನ ರಾಜಧಾನಿ ಇನ್ನೂ ತನ್ನದೇ ಬಣ್ಣದಲ್ಲಿ ಹೊಳೆಯುತ್ತಿತ್ತು. ಬಾಗಿಲಲ್ಲಿ ರಸ್ಲಾನನ ದಂಡು, ಬಾಯಿಗೆ ಬಂದ ತುತ್ತನ್ನು ಬಿಟ್ಟು ನಿಂತಿತ್ತು. ಅತಲ್ಲಾ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದ. ನೋಡುತ್ತ ನೋಡುತ್ತ ಬಟ್ಟಲನ್ನು ಬಾಯಿಗೇರಿಸಿ ಕಾಫಿಯನ್ನು ಗುಟುಕರಿಸಿಬಿಟ್ಟ.

ಖಾಲಿ ಬಟ್ಟಲು ಕಂಡು ಅತಲ್ಲಾನ ಮುಖ ಬಿಳಿಚಿಕೊಂಡಿತು. "ನಾನು... ಕೈ ತಪ್ಪಿ..."

"ಮುಗೀತು" ಎಂದ ಹಾಜಿ ದೈಫಲ್ಲಾ ಊರುಗೋಲು ಹುಡುಕುತ್ತ. "ಕುಡಿದದ್ದು ಕುಡಿದದ್ದೇ. ಏಳಿ, ಹೋಗೋಣ."

ಆ ಮಾತು ರಸ್ಲಾನನ ಕಿವಿಗೆ ಕಾದ ಸೀಸದಂತೆ ಬಿತ್ತು. ಅದು ಅವನದೇ ಮಾತು. ಇಷ್ಟು ವರ್ಷ ಅದನ್ನು ಪೌರುಷವೆಂದು ಮೀಸೆಗೆ ಹಚ್ಚಿಕೊಂಡು ತಿರುಗಿದ್ದ. ಈಗ ಅದು ಹಾಜಿಯ ಬಾಯಲ್ಲಿ ಎಂಥ ದರಿದ್ರ ಮಾತಾಗಿ ಕೇಳಿಸಿತು. ರುಲಾ ಹೂಜಿ ಹಿಡಿದು ನಿಂತಿದ್ದಳು, ಅಪ್ಪನನ್ನೇ ನೋಡುತ್ತಿದ್ದಳು.

"ಕೂತ್ಕೊಳ್ಳಿ ಹಾಜಿ" ಎಂದ ರಸ್ಲಾನ್. "ಅವನು ಬಟ್ಟಲು ಅಲ್ಲಾಡಿಸಿದ್ನಾ?"

"ಏನು?"

"ಅಲ್ಲಾಡಿಸಿದ್ದನ್ನ ನೋಡಿದ್ರಾ? ಇಲ್ಲ ತಾನೆ. ಅಲ್ಲಾಡಿಸೋ ತನಕ ಅವನ ಸರದಿ ಮುಗಿಯಲ್ಲ. ಈ ಮನುಷ್ಯ ಹುಟ್ಟಿದಾಗಿಂದ ಅಲ್ಲಾಡಿಸಿದವನೇ ಅಲ್ಲ. ರುಲಾ, ಸುರಿಯಮ್ಮ."

ಹಾಜಿ ಬಾಯಿ ತೆರೆದ. ಒಳಬಾಗಿಲಿನಿಂದ ಇನ್ಸಾಫಳ ದನಿ ಬಂತು: "ಹಾಜಿ, ಮಾಂಸ ಬೆಂದಿದೆ. ಆರಿಹೋದ್ರೆ ನಿಮ್ಮ ಹಲ್ಲಿಗೆ ಬಗ್ಗಲ್ಲ." ಹಾಜಿ ಕೂತ.

ರುಲಾ ಸುರಿದಳು. ಅತಲ್ಲಾ ಈ ಸಲ ಬಟ್ಟಲನ್ನು ಬೆಂಕಿಯೆಂಬಂತೆ ದೂರಕ್ಕಿಟ್ಟ. ತಡವರಿಸುತ್ತ ಹೇಳಬೇಕಾದ್ದನ್ನು ಹೇಳಿ, ಮಹ್ರಾನನಿಗೆ ರುಲಾಳನ್ನು ಕೇಳಿದ.

"ಕಾಫಿ ಕುಡಿ ಮಾರಾಯ" ಎಂದ ರಸ್ಲಾನ್. "ಅವತ್ತೂ ನಿನಗೆ ಸರದೀನ ಹಿಂದಕ್ಕೆ ಕೊಡಬೇಕಿತ್ತು. ತಪ್ಪಾಯ್ತು."

ಅತಲ್ಲಾ ಕುಡಿದ. ಬಾಗಿಲಾಚೆ ಇನ್ಸಾಫ್ ನಾಲಿಗೆ ಸುಳಿಸಿ ಮಂಗಳದ ಕೂಗು ಹಾಕಿದಳು. ಅತಲ್ಲಾನಿಗೆ ಅದು ಕೇಳಿಸಿತೋ ಇಲ್ಲವೋ. ಅವನ ಕಣ್ಣು ಮತ್ತೆ ಪರದೆಗೆ ಹೋಗಿತ್ತು.

"ಅಂದ್ರೆ ಇಷ್ಟು ವರ್ಷ ನನ್ನ ಸರದಿನಾ?"

"ಇಷ್ಟು ವರ್ಷಾನೂ" ಎಂದ ರಸ್ಲಾನ್, ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಳ್ಳುತ್ತ.

ಅತಲ್ಲಾ ಖಾಲಿ ಬಟ್ಟಲನ್ನು ಹಾಗೇ ಚಾಚಿದ. ಅಲ್ಲಾಡಿಸಲಿಲ್ಲ. ರುಲಾ ಸುರಿದಳು.