ಕಲಾಯಿ ಹಾಕಿದ ಕಾಡತೂಸು

ಬಸವಕಲ್ಯಾಣದ ಕಲಾಯಿಗಾರ ಇಸ್ಮಾಯಿಲನ ಕಣ್ಣಿಗೆ ಬರಿಯ ಹಿತ್ತಾಳೆ ಬೀಳಬಾರದು. ಬೀಗರ ಮನೆಗೆ ಉಣ್ಣಲು ಹೋದರೂ ಮೊದಲು ಪಾತ್ರೆಯೊಳಗೆ ಇಣುಕಿ, ಆಮೇಲೆ ಬೀಗರ ಮುಖ ನೋಡುವ ಆಸಾಮಿ. ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ವಿಷ ಎಂಬುದು ಅವನಪ್ಪ ಕಲಿಸಿದ ಮಾತು. ಮಾತೇನೋ ನಿಜ. ಆದರೆ ಊರಿಗೆ ಊರೇ ಸ್ಟೀಲಿಗೆ ಮರುಳಾದ ಮೇಲೆ ಅದನ್ನು ಕೇಳಲು ಉಳಿದವಳು ಹೆಂಡತಿ ಜೈನಬಿ ಒಬ್ಬಳೇ. ಅವಳಿಗೂ ಸಾಕಾಗಿತ್ತು.

ಅಂಥ ಹೊತ್ತಿನಲ್ಲಿ ಮೋರಖಂಡಿಯ ಧಮ್ಮಪಾಲ ಚೀಲ ಹಿಡಿದು ಬಂದ. ಸೈನ್ಯ ಬಿಟ್ಟು, ಹುಮನಾಬಾದಿನ ಗೋದಾಮೊಂದರಲ್ಲಿ ಕಾವಲುಗಾರಿಕೆ ಮುಗಿಸಿ, ಈಗ ಪರವಾನಗಿಯ ಬಂದೂಕಿನಿಂದ ಗಾಳಿಯಲ್ಲಿ ಗುಂಡು ಹಾರಿಸಿ ಊರ ಕಬ್ಬಿನಿಂದ ಕಾಡುಹಂದಿ ಓಡಿಸುವವನು. ಹಾರಿಸಿದ ಕೊಳವೆಗೆ ಮತ್ತೆ ಮದ್ದು, ಗುಂಡು ತುಂಬಿ ಕಾಡತೂಸು ಮಾಡಿಕೊಳ್ಳುವುದಕ್ಕೂ ಅವನ ಹತ್ತಿರ ಪರವಾನಗಿಯಿತ್ತು.

"ಇಸ್ಮಾಯಿಲಭಾಯಿ, ಒಮ್ಮೆ ಹಾರಿಸಿದ್ರ ಈ ಹಿತ್ತಾಳಿ ಕೊಳವಿ ಉಬ್ಬತಾವ. ಉಬ್ಬಿದ್ದು ಬಂದೂಕಿನ್ಯಾಗ ಹೋಗಂಗಿಲ್ಲ. ಮೊದಲಿನ ಅಳತಿಗೆ ತಂದು ಕೊಡು. ಈ ಸೀಸದ ಗುಂಡಿಗೆ ತೆಳ್ಳಗ ಮೇಣ ಬಳಿ, ಇಲ್ಲಂದ್ರ ನಳಿಗಿಗೆ ಸೀಸ ಮೆತ್ತತದ. ಲೇಪ ಗುಂಡಿಗಷ್ಟೇ, ತಿಳೀತಿಲ್ಲೋ? ನಾಳಿ ಸಂಜಿಗೆ ಊರ ಮಂದಿ ಎಲ್ಲಾ ಹೊಲಕ್ಕ ಬರತಾರ."

"ಹಿತ್ತಾಳಿ ನನ್ನ ಕೈಗೆ ಬಂತಂದ್ರ ಚಿಂತಿ ಬಿಡ್ರಿ, ಫೌಜಿ ಸಾಹೇಬ್ರ."

ಇಸ್ಮಾಯಿಲನ ಕಿವಿಗೆ ಬಿದ್ದದ್ದು 'ಊರ ಮಂದಿ' ಎಂಬ ಮಾತೊಂದೇ. ಅಷ್ಟು ಜನರ ಮುಂದೆ ಕೆಲಸ ಮಿಂಚಿದರೆ ಮೋರಖಂಡಿಯ ಅಟ್ಟ ಸೇರಿದ ತಪ್ಪಲೆಗಳೆಲ್ಲ ಕೆಳಗಿಳಿದಾವು. ಇಲ್ಲದಿದ್ದರೆ ತಿದಿ ಮಡಚಿ, ಅಂಗಡಿಗೆ ಬೀಗ ಜಡಿಯುವುದೇ ಸೈ.

ಉಕ್ಕಿನ ಬಳೆಯೊಂದನ್ನು ಅಳತೆಗೆ ಉಜ್ಜಿ, ಕೊಳವೆಗಳಿಗೆ ಎಣ್ಣೆ ಸವರಿ, ಮರದ ಕೊಡತಿಯಿಂದ ಒಂದೊಂದನ್ನೇ ಅದರೊಳಗೆ ತೂರಿಸಿದ. ಉಬ್ಬಿದ ಹಿತ್ತಾಳೆ ಬಾಯಿ ಮುಚ್ಚಿಕೊಂಡು ಅಳತೆಗೆ ಬಂತು. ಗುಂಡಿಗೆ ಮೇಣ ಬಳಿದು ಜೈನಬಿಯ ಹಪ್ಪಳದ ಬಟ್ಟೆಯ ಮೇಲೆ ಹರವಿದ. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಮಹಾರಾಯನ ಮಾನ ಉಳಿಯುತ್ತಿತ್ತು. ಆದರೆ ಬರಿಯ ಹಿತ್ತಾಳೆ ಎದುರಿಗೇ ಕೂತಿತ್ತಲ್ಲ! ಕೈ ತಾನಾಗಿ ಕಲಾಯಿಯ ತವರಕ್ಕೂ ನವಸಾಗರದ ಪುಡಿಗೂ ಹೋಯಿತು.

"ಅದರಾಗ ಯಾರರೆ ಚಹಾ ಕುಡೀತಾರೇನು?" ಎಂದಳು ಜೈನಬಿ.

"ಹಂದಿ ಆದ್ರೇನು, ಅದಕ್ಕ ಜೀವ ಇಲ್ಲೇನು?" ಎಂದು ಇಸ್ಮಾಯಿಲ ಇನ್ನೊಂದು ಸುತ್ತು ಕಲಾಯಿ ಎಳೆದ.

ಮರುದಿನ ಸಂಜೆ ಹೊಲದ ಬದುವಿನ ಮೇಲೆ ಧಮ್ಮಪಾಲ ಮದ್ದು ತುಂಬಿ ತಂದ ಕಾಡತೂಸನ್ನು ಬಂದೂಕಿಗೆ ತೂರಿಸಿದ. ಅರ್ಧ ಹೋಗಿ ನಿಂತಿತು. ಇನ್ನೊಂದನ್ನು ತೆಗೆದ, ಅದೂ ಅಷ್ಟೇ. ಕಬ್ಬಿನೊಳಗೆ ಹಂದಿಗಳು ಕರಕರ ಅಗಿಯುವುದು ಎಲ್ಲರಿಗೂ ಕೇಳುತ್ತಿತ್ತು. ಧಮ್ಮಪಾಲ ಮುಂದೆಯೇ ನಿಂತಿದ್ದ ಇಸ್ಮಾಯಿಲನತ್ತ ತಿರುಗಿದ.

"ಏನ್ ಹಾಕೀದಿ ಇದಕ್ಕ?"

"ಕಲಾಯಿರಿ. ಎರಡು ಸುತ್ತು. ಅದರ ರೊಕ್ಕ ಬ್ಯಾಡ್ರಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಂದಿಗಳು ಹೊಟ್ಟೆ ತುಂಬಿಸಿಕೊಂಡು ಹೋದವು. ಇಸ್ಮಾಯಿಲನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಬೆಳಿಗ್ಗೆ ಎದ್ದವನೇ, ಧಮ್ಮಪಾಲ ಮದ್ದು, ಗುಂಡು ಬಿಚ್ಚಿ ಕೊಟ್ಟ ಖಾಲಿ ಕೊಳವೆಗಳನ್ನು ಕಾಯಿಸಿ, ತಾನೇ ಹಾಕಿದ ಕಲಾಯಿಯನ್ನು ತಾನೇ ಅರಳೆಯಿಂದ ಒರೆಸಿ ತೆಗೆದ. ಜನ್ಮದಲ್ಲಿ ಅಂಥ ಕೆಲಸ ಮಾಡಿದವನಲ್ಲ. ಮತ್ತೆ ಬಳೆಯೊಳಗೆ ತೂರಿಸಿ ಅಳತೆ ನೋಡಿ ಕೊಟ್ಟ. ಸಂಜೆ ಢಂ ಎಂದಿತು. ಹಂದಿಗಳು ಪಕ್ಕದೂರು ಮಂಠಾಳದ ದಿಕ್ಕು ಹಿಡಿದವು. ಜನ ಬಂದೂಕನ್ನು ಹೊಗಳಿದರು. ಇಸ್ಮಾಯಿಲನನ್ನು ಮಾತಾಡಿಸಿದವರಿಲ್ಲ.

ಧಮ್ಮಪಾಲನೇ ಮನೆಗೆ ಕರೆದೊಯ್ದ. ಅವನ ಹೆಂಡತಿ ರತ್ನಮಾಲಾ ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟಳು. ಇಸ್ಮಾಯಿಲ ಬಾಯಿಯ ಹತ್ತಿರ ಒಯ್ದು ಒಳಗೆ ಇಣುಕಿದ, ಹಾಗೇ ಕೆಳಗಿಟ್ಟ. ಇಂದಾದರೂ ಸುಮ್ಮನಿರಬೇಕೆಂದು ತುಟಿ ಕಚ್ಚಿದ. ಆಗಲಿಲ್ಲ.

"ವಹಿನಿ, ಕಲಾಯಿ ಹೋಗ್ಯಾದ್ರಿ. ಹುಳಿ ಇಡಬ್ಯಾಡ್ರಿ ಇದರಾಗ."

ಧಮ್ಮಪಾಲ ಅವನನ್ನೇ ದಿಟ್ಟಿಸಿದ. ಎದ್ದು ಅಟ್ಟ ಹತ್ತಿ, ಧೂಳು ಹಿಡಿದ ತಪ್ಪಲೆಗಳನ್ನು ದಡದಡ ಇಳಿಸಿ ಅವನ ಮುಂದೆ ಗುಡ್ಡೆ ಹಾಕಿದ.

"ತಗೋ. ಇವು ಬಂದೂಕಿನ್ಯಾಗ ಹೋಗೂದಿಲ್ಲ. ಎಷ್ಟ ಸುತ್ತ ಬೇಕೋ ಅಷ್ಟ ಹಾಕು."