ಅತ್ತೆಯ ಕೈಗುಣ

ಚಳಿಗಾಲ ಮುಗಿಯುವ ತನಕ ನಮ್ಮ ಅತ್ತೆಯ ಬಲಗೈ ಉಗುರುಗಳಲ್ಲಿ ಕರಿಮಣ್ಣಿನ ಗೆರೆ ಇದ್ದೇ ಇರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದು. ಅದೇ ಕೈಯಿಂದ ವಿಭೂತಿ ಹಚ್ಚಿಕೊಂಡು ಮತ್ತೆ ಹಿತ್ತಲಿಗೆ ಇಳಿಯುವರು.

ದೀಪಾವಳಿ ಮುಗಿದು ಥಂಡಿ ಬಿತ್ತೆಂದರೆ ಸಂಖ ಊರಿನ ನಮ್ಮ ಹಿತ್ತಲು ಅವರದೇ ರಾಜ್ಯ. ಕುರಿಗೊಬ್ಬರ ಹಾಕಿ ಮಡಿ ಕಟ್ಟುವುದು, ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ತಿಕ್ಕಿ ಹೋಳು ಮಾಡುವುದು, ಗುಲಾಬಿ ಟೊಂಗೆ ಸವರುವುದು. ನಾನು ಎದ್ದ ಕೂಡಲೇ ನೀರು ಹಾಕಲು ಹೋದರೆ ಗದರುವರು. "ಬಿಸಲ ಬರ್ಲಿ ತಡಿ. ಇಂಥಾ ಥಂಡ್ಯಾಗ ನಿನ್ನ ತಲಿ ಮ್ಯಾಲ ಒಂದ ಕೊಡ ಸುರುವಲೇನು?"

ಅವರ ಕೈಗುಣ ಊರಿಗೇ ಗೊತ್ತು. ಚಳಿಗಾಲದ ಮೊದಲ ಬೀಜ ಹಾಕಲು ಓಣಿಯವರೆಲ್ಲ ಅವರನ್ನೇ ಕರೆಯುತ್ತಿದ್ದರು. ಒಂದು ಚಿಟಿಕೆ ಬೀಜ ಉದುರಿಸಿ, ಚಹಾ ಕುಡಿದು, ಗತ್ತಿನಿಂದ ಮನೆಗೆ ಬರುವರು. ಆ ಗತ್ತು ನನಗೆ ಬಹಳ ಇಷ್ಟವಾಗುತ್ತಿತ್ತು.

ನನ್ನ ಮೊದಲ ಬಸಿರು ಇಳಿದುಹೋದ ವರ್ಷ ಎದುರು ಮನೆಯಾಕೆ, ಓಣಿಯೆಲ್ಲ ಕಾಕು ಎಂದು ಕರೆಯುವವರು, ಬಂದು ಹೇಳಿದರು. "ಅಕ್ಕಾ, ಈ ಸಲ ಸೊಸಿ ಕೈಲೆ ಬೀಜ ಹಾಕಸಬ್ಯಾಡ್ರಿ. ಕೂಸ ನಿಲ್ಲದ ಕೈ ಅದು."

"ಹಾಕ್ತಾಳ," ಎಂದರು ಅತ್ತೆ. "ಒಂದ ಮಡಿ ಆಕಿ, ಒಂದ ಮಡಿ ನಾ. ಬಂದ ನೋಡಿಯಂತ."

ಕಾಕು ಹೋದ ಮೇಲೆ ಮೆಂತ್ಯದ ಬಟ್ಟಲು ನನ್ನ ಮುಂದಿಟ್ಟು, ಗೋಡೆ ಕಡೆಯ ಮಡಿ ತೋರಿಸಿದರು. "ಅಳೂದಿದ್ರ ಅಳಕೋತನ ಹಾಕು."

ವಾರದೊಳಗೆ ಅತ್ತೆಯ ಮಡಿ ಹಸಿರಾಯಿತು. ನನ್ನದರಲ್ಲಿ ಒಂದು ಮೊಳಕೆಯೂ ಇಲ್ಲ. ಬೀಜ ಆಳಕ್ಕೆ ಹೋಯಿತೋ, ಇರುವೆ ಒಯ್ದವೋ. ಓಣಿ ಇನ್ನೇನು ಅನ್ನುತ್ತದೆಂದು ನೆನೆದು ನನಗೆ ಅನ್ನ ಸೇರದಾಯಿತು.

ಕಾಕು ನಾಲ್ಕಾರು ಹೆಂಗಸರನ್ನು ಕರೆದುಕೊಂಡೇ ಬಂದರು. "ಸೊಸೀದು ಯಾವದ್ರೀ?"

ಅತ್ತೆ ಹಸಿರು ಮಡಿಯ ಕಡೆ ಕೈ ಮಾಡಿದರು. "ಇದು ಆಕೀದು. ಆ ಬೋಳ ಮಡಿ ನಂದು. ವಯಸ್ಸಾತು ನೋಡವಾ, ನನ್ನ ಕೈಗುಣ ಮುಗೀತು."

ನಾನು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈ ಅದುಮಿದರು. "ಒಳಗ ಹೋಗಿ ಚಹಾ ಇಡು."

ಮುಂದಿನ ಚಳಿಗಾಲದಿಂದ ಬೀಜ ಹಾಕಲು ಯಾರೂ ಅವರನ್ನು ಕರೆಯಲಿಲ್ಲ, ನನ್ನನ್ನು ಕರೆದರು. ನಾನು ಹೊರಟಾಗ ಅವರು ಕಟ್ಟೆಯ ಮೇಲೆ ಕೂತು, "ಭಾಳ ಆಳಕ್ಕ ಹಾಕಬ್ಯಾಡ" ಎನ್ನುತ್ತಿದ್ದರು. ಅದರಾಚೆ ಆ ವಿಷಯ ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಈ ಥಂಡಿಗೆ ಕಾಕು ತಮ್ಮ ಹಿತ್ತಲಿಗೆ ಕರೆದಾಗ ನನಗೆ ಸುಮ್ಮನಿರಲು ಆಗಲಿಲ್ಲ. "ಕಾಕು, ಅವತ್ತ ಹುಟ್ಟದ ಮಡಿ ನಂದಿತ್ರಿ," ಎಂದೆ.

ಕಾಕು ಬೀಜದ ಬಟ್ಟಲು ನನ್ನ ಕೈಗೇ ಕೊಟ್ಟರು. "ಗೊತ್ತಿತ್ತವಾ, ಅವತ್ತ ನಿನ್ನ ಮಾರಿ ನೋಡೇ ತಿಳೀತು. ನಾ ಆಡಿದ ಒಂದ ಮಾತಿಗೆ ಅಕ್ಕ ತಮ್ಮ ಕೈಗುಣಾನ ಬಿಟ್ಟಕೊಟ್ಟರು. ಮತ್ತ ಅವ್ರನ್ನ ಬೀಜ ಹಾಕಾಕ ಕರದು ಅವ್ರ ಮಾತ ಸುಳ್ಳ ಮಾಡಬೇಕಿತ್ತೇನು?"

ಅತ್ತೆ ಇರಬೇಕಿತ್ತು.